ಉತ್ತರ ಬರೆದವರೆಲ್ಲ ಓದಿದವರಲ್ಲ

ಪರೀಕ್ಷೆಯ ಫಲಿತಾಂಶವೋ ಸಮೀಕ್ಷೆಯ ವರದಿಯೋ ಹೊರಬಿದ್ದಾಗಲೆಲ್ಲ ರಾಯಚೂರು ಜಿಲ್ಲೆಯನ್ನು ಪಟ್ಟಿಯ ಕೆಳತುದಿಯಲ್ಲಿ ಹುಡುಕುವುದು ನಮಗೆ ರೂಢಿಯಾಗಿಬಿಟ್ಟಿದೆ. ಅದರ ಬೆನ್ನಿಗೇ ಎರಡು ಮಾತು ಕೇಳಿಬರುತ್ತವೆ. ಐದು, ಆರು, ಏಳನೇ ತರಗತಿಗೆ ಬಂದ ಮಕ್ಕಳಿಗೆ ಓದಿದ್ದನ್ನು ಅರ್ಥಮಾಡಿಕೊಳ್ಳುವ ಸಾಮರ್ಥ್ಯವೇ ಇಲ್ಲ ಎಂಬುದು ಮೊದಲನೆಯದು. ಪರೀಕ್ಷೆಯ ಭಯ ಹೋದದ್ದೇ ಇದಕ್ಕೆಲ್ಲ ಮೂಲ, ವರ್ಷವರ್ಷವೂ ಬಿಗಿಯಾದ ಸಾಮಾನ್ಯ ಪರೀಕ್ಷೆ ಇಟ್ಟು, ಗದ್ಯಭಾಗ ಕೊಟ್ಟು ಪ್ರಶ್ನೆ ಬಿಡಿಸುವ ಅಭ್ಯಾಸ ಹೆಚ್ಚಿಸಿದರೆ ಓದು ತಾನಾಗಿ ಸುಧಾರಿಸುತ್ತದೆ ಎಂಬುದು ಎರಡನೆಯದು. ರಾಯಚೂರು ನಗರದ ಪಾಲಕರಿಂದ ದೇವದುರ್ಗ, ಮಾನ್ವಿ ಕಡೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರವರೆಗೆ, ಶಿಕ್ಷಕರಿಂದ ಅಧಿಕಾರಿಗಳವರೆಗೆ ಬಹಳ ಮಂದಿ ನಂಬಿರುವ ಮಾತಿದು. ಆಡುವವರು ಮಕ್ಕಳ ಕೇಡು ಬಯಸುವವರೂ ಅಲ್ಲ. ಆದರೂ ಎರಡೂ ಮಾತು ತಪ್ಪು, ಮತ್ತು ಮೊದಲನೆಯ ತಪ್ಪೇ ಎರಡನೆಯದನ್ನು ಹೆತ್ತಿದೆ. ನಾವು ಇಂದು ಇಡುತ್ತಿರುವ ಬಗೆಯ ಓದಿನ ಪರೀಕ್ಷೆಯನ್ನು ಏನೂ ತಿಳಿಯದೆ ಪಾಸು ಮಾಡಬಹುದು. ಎಲ್ಲ ತಿಳಿದೂ ಅದರಲ್ಲಿ ಫೇಲಾಗಬಹುದು. ಅಂಥ ಪರೀಕ್ಷೆಯ ಅಂಕ ಹಿಡಿದು ಒಂದು ಜಿಲ್ಲೆಯ ಮಕ್ಕಳ ಬುದ್ಧಿಗೆ ಬೆಲೆ ಕಟ್ಟುವುದು ಅನ್ಯಾಯ. ಅದನ್ನೇ ಇನ್ನಷ್ಟು ಸಲ ಇಟ್ಟು ಓದು ಕಲಿಸುತ್ತೇವೆ ಎನ್ನುವುದು ಭ್ರಮೆ.

ಈ ನಂಬಿಕೆ ಈಚೆಗೆ ಸರ್ಕಾರದ ಆದೇಶವಾಗಿಯೂ ಬಂದದ್ದನ್ನು ನೆನೆಯಬೇಕು. 2022-23ರಲ್ಲಿ 5 ಮತ್ತು 8ನೇ ತರಗತಿಗಳಿಗೆ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ ಎಂದಾಯಿತು. ಜನರ ಬಾಯಲ್ಲಿ ಅದು ಬೋರ್ಡ್ ಪರೀಕ್ಷೆಯೇ ಆಯಿತು. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದುಮಾಡಿತು, 15ರಂದು ವಿಭಾಗೀಯ ಪೀಠ ಅನುಮತಿ ಕೊಟ್ಟಿತು, 27ರಿಂದ ಪರೀಕ್ಷೆ ನಡೆಯಿತು. ಮರುವರ್ಷ ಇನ್ನಷ್ಟು ತರಗತಿಗಳು ಸೇರಿಕೊಂಡವು. ಮತ್ತೆ ಮಾರ್ಚ್ 6ರಂದು ರದ್ದು, 22ರಂದು ಊರ್ಜಿತ, ಏಪ್ರಿಲ್ 8ರಂದು ಫಲಿತಾಂಶಕ್ಕೆ ಸುಪ್ರೀಂ ಕೋರ್ಟಿನ ತಡೆ. ಈ ಹಗ್ಗಜಗ್ಗಾಟದಲ್ಲಿ ಕಾಯ್ದೆಯ ಚರ್ಚೆ ಆಯಿತು, ಮಕ್ಕಳ ಮೇಲಿನ ಒತ್ತಡದ ಚರ್ಚೆ ಆಯಿತು, ಖಾಸಗಿ ಶಾಲೆಗಳ ಆಕ್ಷೇಪದ ಚರ್ಚೆಯೂ ಆಯಿತು. ಆ ಪ್ರಶ್ನೆಪತ್ರಿಕೆ ಅಳೆಯುವುದಾದರೂ ಏನನ್ನು ಎಂಬ ಚರ್ಚೆ ಮಾತ್ರ ಎಲ್ಲೋ ಬದಿಗೆ ಸರಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಪರೀಕ್ಷೆಯ ವೈರಿಯೆಂದು ಬೈಯುವವರು ಅದರ 29ನೇ ಕಲಮನ್ನು ಓದಬೇಕು. ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಶಕ್ತಿಯನ್ನೂ ನಿರಂತರವಾಗಿ, ವ್ಯಾಪಕವಾಗಿ ಮೌಲ್ಯಮಾಪನ ಮಾಡಬೇಕೆಂದು ಅದು ಹೇಳುತ್ತದೆ. ಅಂದರೆ ಕಾಯ್ದೆ ಕೇಳಿದ್ದು ತಿಳಿವಳಿಕೆಯ ಅಳತೆಯನ್ನು. ನಾವು ಕೊಟ್ಟಿದ್ದು ಉತ್ತರಪತ್ರಿಕೆಯ ಅಳತೆಯನ್ನು.

ಇವೆರಡು ಬೇರೆಬೇರೆ ಎಂದು ತೋರಿಸಲು ಒಂದು ವಾಕ್ಯ ಸಾಕು. "ಝಿಂಬಲದ ಕೊರ್ವೆ ಮುದ್ದಾಳದಲ್ಲಿ ತಟ್ಲಿಯಿಂದ ಬೋಡಣವನ್ನು ಗಿರಚಿತು." ಇದರಲ್ಲಿ ಹುರುಳಿಲ್ಲ, ಇಲ್ಲಿಗಾಗಿ ಕಟ್ಟಿದ ಅರ್ಥಹೀನ ಸಾಲು. ಈಗ ಪ್ರಶ್ನೆಗಳು: ಕೊರ್ವೆ ಯಾವುದನ್ನು ಗಿರಚಿತು? ಎಲ್ಲಿ ಗಿರಚಿತು? ಯಾವುದರಿಂದ ಗಿರಚಿತು? ಕನ್ನಡ ಅಕ್ಷರ ಬಲ್ಲ ಯಾರೇ ಆದರೂ ಮೂರಕ್ಕೆ ಮೂರು ಅಂಕ ತೆಗೆಯುತ್ತಾರೆ. ನಮ್ಮ ಭಾಷೆಯ ವಿಭಕ್ತಿ ಪ್ರತ್ಯಯಗಳೇ ಉತ್ತರವನ್ನು ಎತ್ತಿ ಕೈಗಿಡುತ್ತವೆ. 'ಎಲ್ಲಿ' ಎಂದರೆ 'ಅಲ್ಲಿ' ಎಂದು ಮುಗಿಯುವ ಪದ ಹುಡುಕು, 'ಯಾವುದನ್ನು' ಎಂದರೆ 'ಅನ್ನು' ಇರುವ ಪದ ಹುಡುಕು, 'ಯಾವುದರಿಂದ' ಎಂದರೆ 'ಇಂದ' ಹುಡುಕು. ಪ್ರಶ್ನೆಯ ಪದ ಗದ್ಯಭಾಗದ ಯಾವ ಸಾಲಿನಲ್ಲಿದೆಯೋ ಆ ಸಾಲನ್ನು ಹಾಗೇ ಇಳಿಸಿದರೂ ಅಂಕ ಸಿಗುತ್ತದೆ. ಮಕ್ಕಳು ಈ ಉಪಾಯವನ್ನು ಬಹಳ ಬೇಗ ಕಲಿಯುತ್ತಾರೆ, ಅದು ಅವರ ಜಾಣತನ. ಅದನ್ನು ಅರ್ಥಗ್ರಹಣ ಎಂದು ದಾಖಲಿಸುವುದು ನಮ್ಮ ದಡ್ಡತನ. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ ಎಂಬ ರೂಢಿಯ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಜಾತಿಯವು. ಪಾಠದಿಂದಲೇ ಬಂದ ಪ್ರಶ್ನೆಯಾದರೆ ಗದ್ಯಭಾಗ ನೋಡುವ ಕಷ್ಟವೂ ಬೇಡ, ಗೈಡಿನಲ್ಲೋ ಹಲಗೆಯ ಮೇಲೋ ಕಂಡ ಉತ್ತರ ಬಾಯಿಪಾಠವಾಗಿದ್ದರಾಯಿತು. ಹೀಗಿರುವಾಗ ಗದ್ಯಭಾಗದ ಪ್ರಶ್ನೆ ಬಿಡಿಸುವ ಅಭ್ಯಾಸ ಹೆಚ್ಚಿಸಿದರೆ ಹೆಚ್ಚುವುದು ಯಾವುದು? ಪ್ರತ್ಯಯ ಹುಡುಕುವ ಕೌಶಲ. ಅಂಕ ಏರುತ್ತದೆ, ಓದು ಇದ್ದಲ್ಲೇ ಇರುತ್ತದೆ, ಮತ್ತು ಏರಿದ ಅಂಕವೇ ಓದು ಇದ್ದಲ್ಲೇ ಇರುವುದನ್ನು ಮುಚ್ಚಿಹಾಕುತ್ತದೆ.

ನಿಜವಾಗಿ ತಿಳಿದಿದೆಯೇ ಎಂದು ಕೇಳುವ ಪ್ರಶ್ನೆ ಬೇರೆಯೇ. ಇಂಥದೊಂದು ಗದ್ಯಭಾಗ ಕೊಟ್ಟೆವೆನ್ನಿ: "ಕಾಲುವೆಗೆ ನೀರು ಬಿಟ್ಟು ಎಂಟು ದಿನವಾದರೂ ಕೊನೆಯ ಊರಿನ ರೈತನ ಗದ್ದೆಗೆ ನೀರು ಮುಟ್ಟಲಿಲ್ಲ. ಆ ರಾತ್ರಿ ಅವನು ಬ್ಯಾಟರಿ ಹಿಡಿದು ಕಾಲುವೆಯುದ್ದಕ್ಕೂ ಮೇಲಕ್ಕೆ ನಡೆದ." ಎಷ್ಟು ದಿನವಾಗಿತ್ತು ಎಂದು ಕೇಳಿದರೆ ಅದು ಹುಡುಕಾಟ. ಅವನು ಮೇಲಕ್ಕೆ ಏಕೆ ನಡೆದ, ರಾತ್ರಿಯೇ ಏಕೆ ಎಂದು ಕೇಳಿದರೆ ಅದು ಓದು. ಇದರ ಉತ್ತರ ಗದ್ಯಭಾಗದ ಯಾವ ಸಾಲಿನಲ್ಲೂ ಇಲ್ಲ. ಎರಡು ವಾಕ್ಯಗಳನ್ನು ಬೆಸೆದು, ತನಗೆ ಗೊತ್ತಿರುವ ಲೋಕವನ್ನು ಅದಕ್ಕೆ ಸೇರಿಸಿದಾಗ ಹುಟ್ಟುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ಜಗಳಗಳನ್ನು ಮನೆಯ ಮಾತಿನಲ್ಲೇ ಕೇಳಿ ಬೆಳೆದ ಮಾನ್ವಿ ಕಡೆಯ ಮಗು, ಮೇಲಿನವರು ನೀರು ಕಟ್ಟಿಕೊಂಡಿದ್ದಾರೋ ನೋಡಲು ಹೋದ ಎಂದು ಥಟ್ಟನೆ ಹೇಳೀತು. ಬೆಂಗಳೂರಿನ ಬಡಾವಣೆಯ ಮಗು, ಎಷ್ಟೇ ಸರಾಗವಾಗಿ ಓದಲಿ, ಅಲ್ಲಿ ತಡವರಿಸಬಹುದು. ಹಾಗಾದರೆ ಬೆಂಗಳೂರಿನ ಮಗುವಿಗೆ ಅರ್ಥಗ್ರಹಣ ಸಾಮರ್ಥ್ಯ ಇಲ್ಲವೇ? ಯಾರೂ ಹಾಗೆನ್ನುವುದಿಲ್ಲ, ಅದಕ್ಕೆ ವಿಷಯದ ಪರಿಚಯವಿಲ್ಲ ಎನ್ನುತ್ತಾರೆ. ಕಡಲತೀರ, ಕಾಫಿತೋಟ, ಮೆಟ್ರೊ ರೈಲಿನ ಗದ್ಯಭಾಗದಲ್ಲಿ ದೇವದುರ್ಗದ ಮಗು ಎಡವಿದಾಗ ಮಾತ್ರ ಆ ಔದಾರ್ಯ ಎಲ್ಲಿ ಹೋಗುತ್ತದೆಯೋ ತಿಳಿಯದು.

ಇದು ಬರೀ ಊಹೆಯಲ್ಲ. ಅಮೆರಿಕದ ಡೊನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಚಾರದಲ್ಲಿ ಬಹಳ ಹೆಸರಾಗಿದೆ. ಏಳು, ಎಂಟನೇ ತರಗತಿಯ 64 ಮಕ್ಕಳಿಗೆ ಅವರು ಬೇಸ್‌ಬಾಲ್ ಆಟದ ಒಂದು ಭಾಗವನ್ನು ಬಣ್ಣಿಸುವ ಬರಹ ಓದಲು ಕೊಟ್ಟರು. ಓದಿನ ಪರೀಕ್ಷೆಗಳಲ್ಲಿ ಹಿಂದುಳಿದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದರೂ ಆಟ ಅರಿಯದ ಮಕ್ಕಳಿಗಿಂತ ಆ ಬರಹವನ್ನು ಚೆನ್ನಾಗಿ ಗ್ರಹಿಸಿದರು. ಅರ್ಥಗ್ರಹಣವು ಒಮ್ಮೆ ಕೈಗೂಡಿದರೆ ಯಾವ ಬರಹಕ್ಕೂ ಒಂದೇ ಸಮ ಒದಗುವ ಕೌಶಲವಲ್ಲ, ಅದರಲ್ಲಿ ದೊಡ್ಡ ಪಾಲು ವಿಷಯದ ತಿಳಿವಳಿಕೆಯದು ಎಂಬುದು ಇದರ ಪಾಠ. ಇದನ್ನು ಒಪ್ಪಿಕೊಂಡ ಮೇಲೆ 'ಈ ಮಗುವಿನ ಅರ್ಥಗ್ರಹಣ 40ಕ್ಕೆ 17' ಎಂಬ ಮಾತು ಪೊಳ್ಳಾಗುತ್ತದೆ. ಯಾವ ವಿಷಯದ ಬರಹದಲ್ಲಿ 17? ಗದ್ಯಭಾಗ ಬದಲಾದರೆ ಅಂಕವೂ ಬದಲಾಗುವುದಾದರೆ, ನಾವು ಅಳೆದದ್ದು ಮಗುವನ್ನೋ, ಗದ್ಯಭಾಗ ಆರಿಸಿದವರ ಲೋಕವನ್ನೋ?

ಇದಕ್ಕಿಂತ ದೊಡ್ಡ ಕೇಡು ಒಂದೇ ಅಂಕದೊಳಗೆ ಪರಸ್ಪರ ವಿರುದ್ಧವಾದ ಕಾರಣಗಳು ಅಡಗಿಕೊಳ್ಳುವುದು. ಓದಿನ ಅರ್ಥಗ್ರಹಣ ಎಂಬುದು ಅಕ್ಷರ ಬಿಡಿಸುವ ಶಕ್ತಿ ಮತ್ತು ಮಾತನ್ನು ಕೇಳಿ ತಿಳಿಯುವ ಶಕ್ತಿ, ಇವೆರಡರ ಗುಣಲಬ್ಧ ಎಂದು ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಸೂತ್ರ ಕೊಟ್ಟರು. ಎರಡರಲ್ಲಿ ಯಾವುದು ಸೊನ್ನೆಯಾದರೂ ಫಲ ಸೊನ್ನೆ. ಈಗ ಆರನೇ ತರಗತಿಯ ಇಬ್ಬರು ಮಕ್ಕಳನ್ನು ಊಹಿಸಿ. ಒಬ್ಬಳು ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾಳೆ, ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲು ಮರೆತಿರುತ್ತಾಳೆ. ಅದೇ ಗದ್ಯಭಾಗವನ್ನು ಯಾರಾದರೂ ಓದಿ ಹೇಳಿದರೆ ಎಲ್ಲ ತಿಳಿಯುತ್ತದೆ. ಇನ್ನೊಬ್ಬ ಪಟಪಟನೆ ಓದುತ್ತಾನೆ, ಓದಿದ್ದೇನು ಎಂದರೆ ಸುಮ್ಮನಾಗುತ್ತಾನೆ. ಓದಿ ಹೇಳಿದರೂ ಅವನಿಗೆ ತಿಳಿಯುವುದಿಲ್ಲ. ಇಬ್ಬರಿಗೂ ಬರುವ ಅಂಕ ಒಂದೇ, ಬೇಕಾದ ಕಲಿಕೆ ತದ್ವಿರುದ್ಧ. ಅವಳಿಗೆ ಬೇಕಾದದ್ದು ಒತ್ತಕ್ಷರ, ಗುಣಿತಾಕ್ಷರಗಳ ರೂಢಿ. ಅವನಿಗೆ ಬೇಕಾದದ್ದು ಪದಸಂಪತ್ತು, ವಿಷಯಜ್ಞಾನ, ಮಾತುಕತೆ. ಕನ್ನಡದಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಕನ್ನಡ ಅಕ್ಷರಗಳ ಪೂರ್ಣ ಹಿಡಿತ ಒಂದೆರಡು ವರ್ಷದಲ್ಲಿ ಬರುವಂಥದಲ್ಲ, ನಾಲ್ಕನೇ ತರಗತಿಯ ಹೊತ್ತಿಗೂ ಆ ಕಲಿಕೆ ಮುಂದುವರಿದಿರುತ್ತದೆ ಎಂದು ಸೊನಾಲಿ ನಾಗ್ ಕರ್ನಾಟಕದ ಶಾಲೆಗಳಲ್ಲಿ ನಡೆಸಿದ ಸಂಶೋಧನೆ ತೋರಿಸಿದೆ. ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿ ಕ್ರಮದ ಮೂರು ವರ್ಷ ಮುಗಿದೊಡನೆ ಅಕ್ಷರದ ಕೆಲಸ ಮುಗಿಯಿತೆಂದು ತಿಳಿದು, ನಾಲ್ಕರಿಂದಾಚೆಗೆ ಪಾಠ ಮತ್ತು ಪ್ರಶ್ನೋತ್ತರಕ್ಕೆ ಜಿಗಿಯುವ ನಮ್ಮ ಕ್ರಮದಲ್ಲಿ, ಆರನೇ ತರಗತಿಯಲ್ಲಿ ಒತ್ತಕ್ಷರಕ್ಕೆ ನಿಲ್ಲುವ ಹುಡುಗಿ ದಡ್ಡಿ ಎನಿಸಿಕೊಳ್ಳುತ್ತಾಳೆ. ರಾಯಚೂರಿನ ಮಾರುಕಟ್ಟೆಯಲ್ಲಿ ಹತ್ತಿಗೆ ಕೂಡ ತೂಕವೊಂದನ್ನೇ ನೋಡಿ ಬೆಲೆ ಕಟ್ಟುವುದಿಲ್ಲ. ತೇವ ಎಷ್ಟು, ಎಳೆ ಎಷ್ಟುದ್ದ, ಕಸ ಎಷ್ಟು ಎಂದು ಬೇರೆಬೇರೆಯಾಗಿ ನೋಡುತ್ತಾರೆ. ಮಕ್ಕಳ ಓದಿಗೆ ಅಷ್ಟು ವಿವೇಕವನ್ನೂ ನಾವು ತೋರುತ್ತಿಲ್ಲ.

ಇನ್ನು ಭಾಷೆಯ ಮಾತು. ರಾಯಚೂರು ನಗರದಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದಾರೆ, ಗಡಿಭಾಗದಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಕನ್ನಡವೇ ಮನೆಮಾತಾದ ಮಕ್ಕಳದೂ ಪಠ್ಯಪುಸ್ತಕದ ಕನ್ನಡವಲ್ಲ. ಮೇಲಿನ ಗದ್ಯಭಾಗವನ್ನೇ ಮುಂದುವರಿಸಿ ಬೆಳೆ ಏಕೆ ಹಾಳಾಯಿತು ಎಂದು ಕೇಳಿದಾಗ ಮಗು "ನೀರ ಬರ್ಲಿಲ್ಲ, ಅದಕ್ಕ ಬೆಳಿ ಒಣಗಿ ಹೋತು" ಎಂದು ಬರೆದರೆ ತಿಳಿವಳಿಕೆಯಲ್ಲಿ ಒಂದಿಷ್ಟೂ ಕೊರತೆಯಿಲ್ಲ. ಆದರೆ ಮಾದರಿ ಉತ್ತರದಲ್ಲಿರುವುದು "ನೀರಿನ ಅಭಾವದಿಂದ ಬೆಳೆ ನಾಶವಾಯಿತು". ಇಂಥ ಕಡೆ ಕೆಂಪು ಪೆನ್ನು ಕಳೆಯುವ ಅಂಕ ಓದಿನದಲ್ಲ, ಬರವಣಿಗೆಯ ಶೈಲಿಯದು. ಅತ್ತ "ಅಭಾವ" ಎಂಬ ಪದವನ್ನು ಗದ್ಯಭಾಗದಿಂದ ಹಾಗೇ ಇಳಿಸಿದ ಮಗುವಿಗೆ, ಅದರ ಅರ್ಥ ತಿಳಿಯದಿದ್ದರೂ, ಪೂರ್ಣ ಅಂಕ. ರಾಯಚೂರಿನ ಪಕ್ಕದ ಯಾದಗಿರಿಯಲ್ಲೂ ಮಹಾರಾಷ್ಟ್ರದ ವಾಡಾ ತಾಲ್ಲೂಕಿನಲ್ಲೂ ಮಕ್ಕಳನ್ನು ಕೆಲವು ವರ್ಷ ಬೆನ್ನುಹತ್ತಿ ನಡೆಸಿದ ಲಿರಿಲ್ ಎಂಬ ಸಾಕ್ಷರತಾ ಸಂಶೋಧನೆಯ ವರದಿ 2017ರಲ್ಲಿ ಬಂತು. ತರಗತಿಯ ಹೊತ್ತೆಲ್ಲ ಲಿಪಿ ಕಲಿಸುವುದರಲ್ಲೇ ಕಳೆದು ಅರ್ಥ ಕಟ್ಟುವ ಕೆಲಸ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಪಠ್ಯದ ಭಾಷೆ ಮಕ್ಕಳ ಬದುಕಿನಿಂದ ದೂರ ಉಳಿಯುತ್ತದೆ ಎಂದು ಅದು ಎಚ್ಚರಿಸಿತು. ಕಲಿಸದೇ ಬಿಟ್ಟದ್ದನ್ನು ಐದನೇ ತರಗತಿಯಲ್ಲಿ ಪರೀಕ್ಷೆಯಾಗಿ ಇಟ್ಟು ಮಗು ಫೇಲು ಎಂದರೆ, ಫೇಲಾದವರು ಯಾರು?

ಇಲ್ಲಿ ಅಸರ್ ಸಮೀಕ್ಷೆಯನ್ನು ಮುಂದಿಡುವವರಿದ್ದಾರೆ. 2005ರಿಂದ ಊರೂರಿಗೆ ಹೋಗಿ, ಮನೆಯಂಗಳದಲ್ಲಿ ಮಗುವನ್ನು ಕೂರಿಸಿಕೊಂಡು ಅಕ್ಷರ, ಪದ, ಪರಿಚ್ಛೇದ, ಕಥೆ ಎಂದು ಓದಿಸಿ ನೋಡುವ ಈ ಸಮೀಕ್ಷೆಗೆ ನಾವು ಋಣಿಗಳು. ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಎರಡನೇ ತರಗತಿ ಮಟ್ಟದ ಕಥೆ ಓದಬಲ್ಲರು ಎಂದು 2018ರಲ್ಲೂ 2022ರಲ್ಲೂ ಅದು ಹೇಳಿದ್ದು ಗಂಭೀರ ಸಂಗತಿ. ಈ ಲೇಖನ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಸಂಖ್ಯೆ ಹೇಳುವುದು ಮುಖ್ಯವಾಗಿ ಗಟ್ಟಿಯಾಗಿ ಓದುವ ಶಕ್ತಿಯನ್ನು, ತಿಳಿಯುವ ಶಕ್ತಿಯನ್ನಲ್ಲ. ಅದನ್ನೇ ಹಿಡಿದು ಮಕ್ಕಳಿಗೆ ಅರ್ಥವಾಗುವುದಿಲ್ಲ ಎನ್ನುವುದು ಸಮೀಕ್ಷೆ ಹೇಳದ ಮಾತನ್ನು ಅದರ ಬಾಯಿಗೆ ತುರುಕಿದಂತೆ. 2021ರಲ್ಲಿ ಬಂದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಗೆ ನಿಮಿಷಕ್ಕೆ 60 ಪದಗಳ ಗುರಿ ಇಟ್ಟಿತು, ಅರ್ಥಸಹಿತ ಎಂದೂ ಸೇರಿಸಿತು. ಆದರೆ ಗಡಿಯಾರ ಎಣಿಸುವುದು ಪದವನ್ನು. ಎಣಿಸಲು ಸುಲಭವಾದದ್ದು ಗುರಿಯಾಗಿ ಉಳಿಯುತ್ತದೆ, ಕಷ್ಟವಾದದ್ದು ಆದೇಶದ ಕೊನೆಯ ಪದವಾಗಿ ಉಳಿಯುತ್ತದೆ.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಹೊಣೆಗಾರಿಕೆಯದು ಎಲ್ಲಕ್ಕಿಂತ ಬಲವಾದದ್ದು. ಸಾಮಾನ್ಯ ಪರೀಕ್ಷೆ ಇಲ್ಲದಿದ್ದರೆ ಶಾಲೆಗಳು ಕಲಿಸುತ್ತಿವೆಯೋ ಇಲ್ಲವೋ ತಿಳಿಯುವುದು ಹೇಗೆ? 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ರಾಜ್ಯದ್ದು ಶೇ. 75.36, ಹೆಣ್ಣುಮಕ್ಕಳಲ್ಲಿ ಅರ್ಧದಷ್ಟೂ ಇಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕಾಗಿ ನೇಮಕವಾಗಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ದೇವದುರ್ಗವನ್ನೂ ಮಾನ್ವಿಯನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿತು. ಮನೆಯಲ್ಲಿ ಓದಿಸುವವರಿಲ್ಲದ ಇಂಥ ಕಡೆ ಶಾಲೆಯೇ ಮಗುವಿನ ಏಕೈಕ ಆಸರೆ, ಆದ್ದರಿಂದ ಶಾಲೆಯ ಮೇಲೆ ಕಣ್ಣಿಡಲೇಬೇಕು ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಶಾಲಾವ್ಯವಸ್ಥೆಯನ್ನು ತೂಗಲು ಪ್ರತಿ ಮಗುವನ್ನೂ ತಕ್ಕಡಿಗೆ ಹಾಕಬೇಕಿಲ್ಲ. 2017, 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಗಳೂ 2024ರ ಡಿಸೆಂಬರ್ 4ರಂದು 3, 6, 9ನೇ ತರಗತಿಗಳಿಗೆ ನಡೆದ ಪರಖ್ ಸಮೀಕ್ಷೆಯೂ ಆಯ್ದ ಕೆಲವು ಶಾಲೆಗಳಿಂದಲೇ ಜಿಲ್ಲೆಯ ಚಿತ್ರ ಕೊಡುತ್ತವೆ. ಎಲ್ಲ ಮಕ್ಕಳಿಗೂ ಒಂದೇ ಪತ್ರಿಕೆ ಹಂಚಿದಾಗ ಹೊಣೆ ಸರ್ಕಾರದ ಹೆಗಲಿಂದ ಜಾರಿ ಹನ್ನೊಂದು ವರ್ಷದ ಮಗುವಿನ ಹೆಗಲೇರುತ್ತದೆ. ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆ, ಅಪ್ಪ ಅವ್ವನೊಂದಿಗೆ ಗುಳೆ ಹೋಗಿ ಬಂದ ಮಗು, ಹತ್ತಿ ಬಿಡಿಸುವ ಕಾಲದಲ್ಲಿ ಖಾಲಿಯಾಗುವ ಬೆಂಚು, ಇವು ಯಾವುವೂ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಕಾಣುವುದು ಮಗುವಿನ ಹೆಸರು ಮತ್ತು ಒಂದು ಸಂಖ್ಯೆ. ಇದಕ್ಕೆ ಹೊಣೆಗಾರಿಕೆ ಎಂಬ ಹೆಸರು ಸಲ್ಲದು.

ಎರಡನೆಯ ಆಕ್ಷೇಪ ಮುಂದಿನ ದಾರಿಯ ಬಗ್ಗೆ. ಎಸ್ಸೆಸ್ಸೆಲ್ಸಿಯಲ್ಲಿ ಯಾರೂ ಮನೆಮಾತಿನ ಉತ್ತರಕ್ಕೆ ಅಂಕ ಕೊಡುವುದಿಲ್ಲ, ಊರಿನ ಕಾಲುವೆಯ ಗದ್ಯಭಾಗವನ್ನೂ ಕೊಡುವುದಿಲ್ಲ. ಈಗಲೇ ಗ್ರಂಥದ ಕನ್ನಡಕ್ಕೂ ಅಪರಿಚಿತ ವಿಷಯಕ್ಕೂ ಒಗ್ಗಿಸದಿದ್ದರೆ ಮಕ್ಕಳಿಗೇ ನಷ್ಟ ಎನ್ನುತ್ತಾರೆ. ಗುರಿಯನ್ನು ನಾನೂ ಒಪ್ಪುತ್ತೇನೆ. ರಾಯಚೂರಿನ ಮಗುವಿಗೆ ರಾಯಚೂರಷ್ಟೇ ಸಾಕು ಎನ್ನುವುದು ಅದನ್ನು ಇನ್ನೊಂದು ಬಗೆಯಲ್ಲಿ ಹಿಂದಿಟ್ಟಂತೆಯೇ ಆಗುತ್ತದೆ. ಆದರೆ ಗುರಿ ಬೇರೆ, ಅಲ್ಲಿಗೆ ಹೋಗುವ ದಾರಿ ಬೇರೆ. ಗ್ರಂಥದ ಕನ್ನಡ ಬರೆಯಲು ಬರುತ್ತದೆಯೇ ಎಂದು ಪರೀಕ್ಷಿಸಿ, ಅದಕ್ಕೆ ಬರವಣಿಗೆಯ ಅಂಕ ಎಂದೇ ಹೆಸರಿಡಿ, ಓದಿನ ಲೆಕ್ಕಕ್ಕೆ ಸೇರಿಸಬೇಡಿ. ಕಡಲು, ಕಾಡು, ಮೆಟ್ರೊಗಳ ಗದ್ಯಭಾಗ ಕೊಡುವ ಮೊದಲು ವಿಜ್ಞಾನ, ಸಮಾಜ ಪಾಠಗಳನ್ನು ಓದಿನ ಪಾಠಗಳಾಗಿಯೂ ಮಾಡಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಪುಸ್ತಕಗಳನ್ನು ಶಾಲೆಯ ಓದಿಗೆ ಜೋಡಿಸಿ. ವಿಷಯಜ್ಞಾನವೇ ಅರ್ಥಗ್ರಹಣದ ಅರ್ಧ ಬಂಡವಾಳ ಎಂದಾದ ಮೇಲೆ ಆ ಬಂಡವಾಳ ಹೂಡಬೇಕಾದದ್ದು ಶಾಲೆ. ಹೂಡಿಕೆಯನ್ನೇ ಮಾಡದೆ ಬಡ್ಡಿ ಎಣಿಸುವುದು ಯಾವ ನ್ಯಾಯ?

ಮೂರನೆಯದು ಕಾರ್ಯಸಾಧ್ಯತೆಯ ಪ್ರಶ್ನೆ. ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳುವಷ್ಟು ಹೊತ್ತು ಯಾವ ಶಿಕ್ಷಕರಿಗಿದೆ? ಲೆಕ್ಕ ಹಾಕೋಣ. ತರಗತಿಯಲ್ಲಿ 40 ಮಕ್ಕಳು, ಮಗುವಿಗೆ ಎಂಟು ನಿಮಿಷ; ಒಟ್ಟು 320 ನಿಮಿಷ, ಅಂದರೆ ಐದೂಕಾಲು ಗಂಟೆಯ ಆಸುಪಾಸು. ದಿನಕ್ಕೆ ಇಬ್ಬರಂತೆ 20 ಶಾಲಾದಿನಗಳಲ್ಲಿ ಮುಗಿಯುತ್ತದೆ. ವರ್ಷಕ್ಕೆ ಎರಡು ಸಲ ಮಾಡಿದರೆ ಸಾಕು. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ ಮಾಡಿ, ಅವುಗಳ ಅಂಕ ತುಂಬಿ, ಕಡತ ಕಟ್ಟುವ ಹೊತ್ತಿಗೆ ಹೋಲಿಸಿದರೆ ಇದು ಹೊರೆಯೇ ಅಲ್ಲ. ಆ ಕಡತಗಳಲ್ಲಿ ಕೆಲವನ್ನು ಕೈಬಿಟ್ಟರೆ ಸಮಯ ಉಳಿಯುತ್ತದೆ ಕೂಡ. ಕೆಲವೇ ದಿನಗಳ ತರಬೇತಿ ಪಡೆದ ಸ್ವಯಂಸೇವಕರು ಅಸರ್‌ಗಾಗಿ ಮನೆಮನೆಗೆ ಹೋಗಿ ಮಾಡುವ ಕೆಲಸವನ್ನು ತರಬೇತಾದ ಶಿಕ್ಷಕರು ತಮ್ಮ ತರಗತಿಯಲ್ಲಿ ಮಾಡಲಾರರು ಎಂದರೆ ನಂಬುವುದು ಕಷ್ಟ.

ಆ ಎಂಟು ನಿಮಿಷದಲ್ಲಿ ಆಗಬೇಕಾದದ್ದು ಇಷ್ಟು. ಮಗು ಮೊದಲೇ ಕಾಣದ ಒಂದು ಗದ್ಯಭಾಗವನ್ನು ತಾನೇ ಓದಲಿ, ಎಲ್ಲಿ ನಿಂತಿತು ಎಂದು ಶಿಕ್ಷಕರು ಗುರುತು ಹಾಕಿಕೊಳ್ಳಲಿ. ಅಷ್ಟೇ ಕಠಿಣವಾದ ಇನ್ನೊಂದನ್ನು ಶಿಕ್ಷಕರೇ ಓದಿ ಹೇಳಲಿ. ಎರಡಕ್ಕೂ ಮೂರು ಮೂರು ಪ್ರಶ್ನೆ: ಒಂದು ಸಾಲಿನಲ್ಲೇ ಸಿಗುವಂಥದು, ಎರಡು ಸಾಲು ಬೆಸೆದರೆ ಸಿಗುವಂಥದು, ಬರಹದಲ್ಲಿಲ್ಲದೆ ಬುದ್ಧಿಯಿಂದ ಕಟ್ಟಬೇಕಾದಂಥದು. ಪುಟ ಮಗುವಿನ ಮುಂದೆ ತೆರೆದೇ ಇರಲಿ, ಇದು ನೆನಪಿನ ಪರೀಕ್ಷೆಯಲ್ಲ. ಉತ್ತರ ಬಾಯಿಮಾತಿನಲ್ಲಿರಲಿ, ಮಗುವಿನ ಮಾತಿನಲ್ಲೇ ಇರಲಿ. ವರ್ಷದ ಎರಡು ಸರದಿಗಳಲ್ಲಿ ಒಮ್ಮೆ ಪರಿಚಿತ ವಿಷಯ, ಒಮ್ಮೆ ಅಪರಿಚಿತ ವಿಷಯ ಇರಲಿ. ಕೇಳಿದ್ದು ತಿಳಿದು ಓದಿದ್ದು ತಿಳಿಯದಿದ್ದರೆ ತೊಡಕು ಅಕ್ಷರದ್ದು. ಎರಡೂ ತಿಳಿಯದಿದ್ದರೆ ಭಾಷೆಯದು ಅಥವಾ ವಿಷಯದ್ದು. ಪರಿಚಿತದಲ್ಲಿ ಗೆದ್ದು ಅಪರಿಚಿತದಲ್ಲಿ ಸೋತರೆ ವಿಷಯದ್ದೇ. ಇಂಥ ಗದ್ಯಭಾಗಗಳನ್ನು ಕನ್ನಡ, ಉರ್ದು ಎರಡೂ ಮಾಧ್ಯಮಗಳಿಗೆ ಸಿದ್ಧಪಡಿಸಿ ಕೊಡುವುದು ಯರಮರಸ್‌ನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಮಾಡಬಹುದಾದ ಕೆಲಸ; ಶಾಲೆಗಳಲ್ಲಿ ಜೊತೆಗೆ ಕೂತು ತೋರಿಸುವುದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳ ಕೆಲಸ. ಹೊಸ ಯೋಜನೆಯ ಹೆಸರೂ ಬೇಡ, ಹೊಸ ಮಂಡಳಿಯೂ ಬೇಡ.

ಪರೀಕ್ಷೆಯೇ ಬೇಡ ಎನ್ನುವ ಪಂಥಕ್ಕೆ ನನ್ನನ್ನು ಸೇರಿಸುವವರು ಇದನ್ನು ಗಮನಿಸಬೇಕು: ನಾನು ಕೇಳುತ್ತಿರುವುದು ಈಗಿನದಕ್ಕಿಂತ ಕಠಿಣವಾದ ಪರೀಕ್ಷೆಯನ್ನು. ಅದು ಮಗುವಿಗೆ ಕಠಿಣವಲ್ಲ, ನಮಗೆ ಕಠಿಣ. ಮಗುವಿಗೆ ತಿಳಿಯದ್ದು ಏನು, ಏಕೆ ಎಂದು ಅದು ಹೇಳಿಬಿಟ್ಟ ಮೇಲೆ ಸುಮ್ಮನಿರಲು ಶಾಲೆಗೂ ಇಲಾಖೆಗೂ ನೆಪ ಉಳಿಯುವುದಿಲ್ಲ. 40ಕ್ಕೆ 17 ಎಂಬ ಅಂಕಕ್ಕೆ ಮಾತ್ರ ಆ ನೆಪಗಳೆಲ್ಲ ಒಗ್ಗುತ್ತವೆ: ಮಗು ದಡ್ಡ, ಮನೆ ಬಡತನದ್ದು, ಊರು ಹಿಂದುಳಿದದ್ದು. ಬೋರ್ಡ್ ಪರೀಕ್ಷೆಯ ಪರ ವಾದಿಸುವವರು ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಮುಂದುವರಿಯಲಿ: 17 ಅಂಕದ ಆ ಮಗುವಿಗೆ ಮರುದಿನ ತರಗತಿಯಲ್ಲಿ ಏನನ್ನು ಕಲಿಸಬೇಕು? ಅದನ್ನು ಹೇಳಲಾರದ ಪರೀಕ್ಷೆ ಓದನ್ನು ಅಳೆದಿಲ್ಲ, ಮತ್ತು ಅದರ ಆಧಾರದ ಮೇಲೆ ಯಾವ ಮಗುವನ್ನೂ, ಯಾವ ತಾಲ್ಲೂಕನ್ನೂ ಅಳೆಯುವ ಹಕ್ಕು ಯಾರಿಗೂ ಇಲ್ಲ.